ಕಾಗದದ ಮಡಿಕೆ

ನಾವು ಮೂವರು. ಒಬ್ಬರ ಮುಖ ಒಬ್ಬರು ಕಂಡಿಲ್ಲ.
ಚಿಂಚೋಳಿಯಲ್ಲಿ ದಸ್ತಗೀರ ಸಾಹೇಬರು
ನಿಜಾಮನ ಕಾಲದ ಉರ್ದು ಪಹಣಿ ಓದಿ ಹೇಳುತ್ತಾರೆ,
ಶಹಾಪುರದ ಜಗದೇವಿ ಕನ್ನಡಕ್ಕಿಳಿಸುತ್ತಾಳೆ,
ಬೀದರದ ನೌಬಾದಿನಲ್ಲಿ ಕೂತ ನಾನು
ಮೊದಲು ಹಾಳೆ ಸ್ಕ್ಯಾನ್ ಮಾಡಿ ಕಳಿಸುತ್ತೇನೆ,
ಕೊನೆಗೆ ತಾಳೆ ನೋಡುತ್ತೇನೆ.
ಗುತ್ತಿಗೆ ಕೆಲಸ. ಹಾಳೆಗೆ ಇಷ್ಟು ಅಂತ ಲೆಕ್ಕ.

ಬೆಳಿಗ್ಗೆ ಒಂಬತ್ತಕ್ಕೆ ಮೂರು ಕಪ್ಪು ಚೌಕ,
ಒಂದೊಂದರಲ್ಲಿ ಒಂದು ಹೆಸರು.
"ಕೇಳಸ್ತದೇನ್ರೀ?"
"ಹಾಂ, ಕೇಳಸ್ತದ, ಹೇಳ್ರಿ."
ಅವರ ದನಿಗೆ ನಾನೇ ಮೀಸೆ ಬರೆದಿದ್ದೇನೆ,
ಅವಳ ದನಿಗೆ ಕನ್ನಡಕ.
ಕರೆಂಟು ಹೋಗಿ ಅರ್ಧಕ್ಕೆ ನಿಂತ ಮಾತು
ಸಂಜೆ ಬಂದು ಉಳಿದರ್ಧ ಹುಡುಕುತ್ತದೆ.

ಮಿರಗದ ಒಂದು ಮಂಗಳವಾರ
ಸರ್ವೆ ನಂಬರು ತಪ್ಪಿತು. ಮೂರಿರಬೇಕಾದಲ್ಲಿ ಎರಡು.
ಯಾರದೋ ನಾಲ್ಕೆಕರೆ
ಕೂತಲ್ಲೇ ಹಳ್ಳ ದಾಟಿ ಹೋಗಿತ್ತು.
ಎಲ್ಲರಿಗೂ ಕಾಣುವ ಹಾಗೆ ಕೆಂಪು ಬಳಿದು ಬರೆದೆ:
ಇದನ್ನು ಓದಿದವರು ಯಾರು?
ಯಾರೆಂದು ಗೊತ್ತಿತ್ತು. ಅದಕ್ಕೇ ಕೇಳಿದ್ದು.

ಬುಧವಾರ ಅವರ ಹೆಸರಿನ ಪಕ್ಕ
ಹಸಿರು ಚುಕ್ಕೆ ಹತ್ತಲಿಲ್ಲ.
ಗುರುವಾರವೂ.
ಎದುರಿಗಿದ್ದಿದ್ದರೆ ಚಹಾ ತರಿಸಿ
ಬಸಿಗೆ ಸುರಿದು ಮುಂದಿಡುತ್ತಿದ್ದೆ,
ಚಹಾದ ಜೊತೆ ಮಾತೂ ಆರುತ್ತಿತ್ತು.
ಇಲ್ಲಿ ಬರೆದದ್ದು ಬರೆದ ಬಿಸಿಯಲ್ಲೇ ಇರುತ್ತದೆ,
ಅಳಿಸಿದರೆ ಅಳಿಸಿದ ಗುರುತು.

ಶುಕ್ರವಾರ ಸಂಜೆ ಸುರಂಗ ಬಾವಿಯ ಕಡೆ ಹೋದೆ.
ನೆಲದೊಳಗೇ ನೀರು ನಡೆಸಿದವರು,
ಒಬ್ಬ ಈ ಬಾವಿಗಿಳಿದು, ಇನ್ನೊಬ್ಬ ಆ ಬಾವಿಗಿಳಿದು
ಕೆಂಪು ಜಂಬಿಟ್ಟಿಗೆ ಕಡಿಯುತ್ತ ಕಡಿಯುತ್ತ
ಎದುರು ಬದುರು ಬಂದಿರಬೇಕು.
ಇಬ್ಬರಿಗೂ ಕತ್ತಲೆ.
ಆಚೆಯವನ ಗುದ್ದಲಿ ಸದ್ದು ಕೇಳುತ್ತಿತ್ತೋ,
ಕೇಳದಿದ್ದರೂ ಬರುತ್ತಿದ್ದಾನೆ ಅಂದುಕೊಂಡು ಕಡಿದರೋ,
ಯಾವ ಪಹಣಿಯಲ್ಲೂ ಬರೆದಿಲ್ಲ.
ಬಗ್ಗಿ "ಕೇಳಸ್ತದೇನ್ರೀ" ಅಂದೆ.
ಪಾರಿವಾಳವೊಂದು ಎದ್ದು ಹೋಯಿತು.

ಶನಿವಾರ, ಕೆಂಪಿನ ಕೆಳಗೆ ಅವರ ಸಾಲು:
"ಎರಡಲ್ಲ, ಮೂರು. ಕಾಗದದ ಮಡಿಕಿ
ಅಂಕಿಯ ಒಂದು ಹಲ್ಲು ನುಂಗಿತ್ತು.
ಗಾಳಿಗಿ ಕಂಬ ಬಿದ್ದು ಮೂರು ದಿನ ಕರೆಂಟಿಲ್ಲ,
ತಡ ಆಯ್ತು, ಮಾಫ್ ಮಾಡ್ರಿ."

ಮಡಿಕೆ ನನ್ನದು.
ಹಾಳೆ ಲೆಕ್ಕ ಏರಲೆಂದು, ಅಂಗೈಯಲ್ಲಿ ಒಮ್ಮೆ ನೇವರಿಸದೆ
ಗಾಜಿನ ಮೇಲೆ ಬೋರಲು ಹಾಕಿದ ಕೈ ನನ್ನದು.
ಅಷ್ಟು ಓದಬಲ್ಲವರಿಗೆ ಇದು ಓದಲು ಬಾರದೇ?
ಓದಿದ್ದರು. ಹೆಸರೊಂದು ಬರೆದಿರಲಿಲ್ಲ.
ನಾನೇ ಬರೆದೆ, ಅದೇ ಕೆಂಪಿನಲ್ಲಿ,
ಎಲ್ಲರಿಗೂ ಕಾಣುವ ಹಾಗೆ.

ಸೋಮವಾರ ಅದರ ಮಾತೇ ಇಲ್ಲ.
ಜಗದೇವಿ ಮೈಕು ಮುಚ್ಚುವುದು ಮರೆತು
ಎಂಬತ್ತರ ಸಾಲಿನ ಫಸಲಿ ಹುಡುಕುತ್ತಿದ್ದಾಳೆ.
ಅವಳ ಹಿಂದೆ ಕುಕ್ಕರು ಕೂಗುತ್ತಿದೆ.
ಒಂದು.
ಎರಡು.
ಮೂರಕ್ಕೆ ಚಿಂಚೋಳಿಯಿಂದ ದನಿ ಬಂತು:
"ಒಲಿ ಆರಸವ್ವ ಜಗದೇವಿ, ಬ್ಯಾಳಿ ಕುದ್ದದ."