ಎಡಬದಿಯ ಹೊಸ್ತಿಲು

ಮೊದಲು ಬಂಪರು. ಅದು ಸುಲಭ, ಅದಕ್ಕೇ ಮೊದಲು.
ಆಮೇಲೆ ದೀಪಗಳ ಸುತ್ತಿನ ಬಳೆ,
ಬಾಗಿಲ ಒಳಮೈಯ ರಟ್ಟು:
ಮೂವತ್ತೆರಡು ಚಳಿಗಾಲ ಕುಡಿದು ಉಬ್ಬಿದ್ದು
ಕೈಗೆ ಬಂದದ್ದು ಅರ್ಧ, ಪುಡಿಯಾದದ್ದು ಅರ್ಧ.

ನಾನು ಹಲ್ಲು ಕಟ್ಟುವವಳು.
ಈ ಕಡಲಂಚಿನ ಮುದುಕರ ನಗು ಅರ್ಧಕ್ಕರ್ಧ ನನ್ನ ಕೈಕೆಲಸ.
ದವಡೆಯ ಅಚ್ಚು ಕಳಿಸುವ ಪುಟ್ಟ ಡಬ್ಬಿಗಳಿಗೆ
ಮನೆಯಲ್ಲಿ ಬರವಿಲ್ಲ. ಒಂದೊಂದಕ್ಕೂ ಚೀಟಿ ಅಂಟಿಸಿದೆ:
'ವೈಪರು, ಬಲ. ಮೂರು ನಟ್ಟು, ಒಂದು ವಾಷರು.'
'ಏನೋ. ಹೀಟರಿನ ಹಿಂದೆ ಇತ್ತು.'
'ಇದೂ.'

ಕಾರು ಸೈಮಿ ಅತ್ತೆಯದು. ಸಾಬ್ ತೊಂಬತ್ತಾರು.
ಎಪ್ಪತ್ತನಾಲ್ಕರಲ್ಲಿ ಹುಟ್ಟಿದ್ದು
ಇಲ್ಲೇ, ಹದಿನಾರು ಕಿಲೋಮೀಟರು, ಊಸಿಕೌಪುಂಕಿಯ ಕಾರ್ಖಾನೆಯಲ್ಲಿ.
ಜಗತ್ತು ನೋಡಿದ್ದು ಹೆಚ್ಚೆಂದರೆ ತುರ್ಕುವಿನ ಮೀನುಸಂತೆಯವರೆಗೆ,
ಹೆರಿಂಗಿನ ಬಕೆಟ್ಟು ಹಿಂದಿನ ಸೀಟಲ್ಲಿ ಮಹಾರಾಣಿ.
ಸೀಟು ಎತ್ತಿದರೆ ಈಗಲೂ ಆ ವಾಸನೆ.
ಸೀಟಡಿಯಲ್ಲಿ ಐದು ಪೆನ್ನಿಯ ಎರಡು ನಾಣ್ಯ,
ಒಂದು ಗಾಳ, ಸ್ಪ್ರೂಸ್ ಮರದ ಸೂಜಿಯೆಲೆ ಒಂದು ಬೊಗಸೆ,
ಮತ್ತೆ, ಸೀಟಿನ ನಾರಲ್ಲೇ ಇಲಿ ಕಟ್ಟಿಕೊಂಡ
ಬಾಣಂತಿಕೋಣೆ. ಖಾಲಿ.

ತೊಂಬತ್ತೊಂದರ ಏಪ್ರಿಲಿನಲ್ಲಿ ತಪಾಸಣೆಯವನು
ಕಾರಿನಡಿ ಮಲಗಿ, ಸ್ಕ್ರೂಡ್ರೈವರಿನಿಂದ ತಿವಿದು, ಎದ್ದು,
ಮೊಣಕೈ ಒರೆಸಿಕೊಂಡು ಬರೆದ:
'ಎಡಬದಿಯ ಹೊಸ್ತಿಲು ಟೊಳ್ಳು. ರಸ್ತೆಗೆ ಯೋಗ್ಯವಲ್ಲ.'
ಅತ್ತೆ ಮನೆಗೆ ಬಂದವಳೇ ಸುತ್ತಿಗೆ ಹಿಡಿದು
ಎಡಬದಿ ಉದ್ದಕ್ಕೂ ಬಡಿದು ನೋಡಿದಳು.
ಇಗರ್ಜಿ ಗಂಟೆ ಉಲಿದಂತೆ ಉಲಿಯಿತಂತೆ.
ಕಾರನ್ನು ಕೊಟ್ಟಿಗೆಗೆ ತಳ್ಳಿ ಬೀಗ ಹಾಕಿದಳು,
ಬಾಯಿಗೂ.
ಇಪ್ಪತ್ತಾರು ವರ್ಷ ಅಂಗಡಿಯಲ್ಲಿ, ಅಂಚೆಡಬ್ಬಿಯ ಬಳಿ
ಅವನು ಎದುರಾದರೆ
ಗಾಜಿನಾಚೆ ನೋಡುವಂತೆ ನೋಡಿದಳು.
ಸಾಯುವ ವಾರವೂ ಅದೇ ಮಾತು:
'ತುಕ್ಕು ಇದ್ದದ್ದು ಕಾರಿಗಲ್ಲ, ಆ ಟೌನೊನ ಕಣ್ಣಿಗೆ.'

ಅದೇ ಟೌನೊ ಈಗ, ಎಂಬತ್ತಮೂರು,
ಜೂನಿನ ರಾತ್ರಿ ಹತ್ತರ ಬಿಸಿಲಲ್ಲಿ
ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಕರೆದವರಿಲ್ಲ.
ಸೊಳ್ಳೆ ಹೊಡೆದುಕೊಳ್ಳುತ್ತ, 'ಬೋಲ್ಟು ಮುರೀತೀಯ' ಅಂದ.
ಮುರಿದೆ.
ಒಳಗೆ ಬಂದು ಟಾರ್ಚು ಹಿಡಿದ.

'ಕಾಯಿಸು' ಅಂದ. ಕಾಯಿಸಿದೆ.
'ಈಗ ಮೇಣ ಮುಟ್ಟಿಸು.' ಮುಟ್ಟಿಸಿದೆ.
'ಈಗ ಕಾಯಿ.'
ಅಷ್ಟೇ ಅವನ ವಿದ್ಯೆ. ಮುಂದಕ್ಕೆ ಕಾಲು ಸುತ್ತು, ಹಿಂದಕ್ಕೆ ಅರ್ಧ,
ನಡುವೆ ಒಂದು ಲೋಟ ಕಾಫಿ; ಹಟಮಾರಿ ಬೋಲ್ಟು
ತನಗೇ ಬೇಸರವಾಗಿ ಬಿಟ್ಟುಕೊಟ್ಟಂತೆ ಬರುತ್ತಿತ್ತು.
ಒಂಬತ್ತು ಸಂಜೆ ಹೀಗೆ.
ಅತ್ತೆಯ ಹೆಸರು ಅವನೂ ಎತ್ತಲಿಲ್ಲ, ನಾನೂ.
ಇಂಜಿನ್ನು ಮಾತ್ರ ಎತ್ತಿದೆವು,
ಇಬ್ಬರಿಗೂ ಬೆನ್ನು ಹಿಡಿಯಿತು.

ಹತ್ತನೆಯ ಸಂಜೆ ಉಳಿದದ್ದು ಬರೀ ಚಿಪ್ಪು.
ಪಕ್ಕದ ಮನೆಯ ಹುಡುಗರನ್ನು ಕರೆದು
ಹಳೆ ಟೈರುಗಳ ಮೇಲೆ ಬೋರಲು ಹಾಕಿದೆವು.
ಟೌನೊ ಕೋಟಿನ ಜೇಬಿನಿಂದ ಸ್ಕ್ರೂಡ್ರೈವರು ತೆಗೆದ.
ಹಳದಿ ಹಿಡಿ, ಮಾಸಿದ್ದು. ಅದೇನಾ? ಕೇಳಲಿಲ್ಲ.
ಎಡಬದಿಯ ಹೊಸ್ತಿಲಿಗೆ ಒತ್ತಿದ. ಟಣ್.
ನಾಲ್ಕು ಬೆರಳಾಚೆ. ಟಣ್.
ಹಿಂದಿನ ಚಕ್ರದವರೆಗೂ ಟಣ್, ಟಣ್, ಟಣ್,
ನನಗೆ ಅತ್ತೆಯ ಸುತ್ತಿಗೆ ಕೇಳಿಸಿತು.
ಸುಮ್ಮನೆ ಬಳಸಿ ಆಚೆಗೆ ಹೋದ.
ಬಲಬದಿ. ಒತ್ತಲೂ ಇಲ್ಲ, ಮುಟ್ಟಿಸಿದನಷ್ಟೆ:
ಹಿಡಿಯವರೆಗೂ ಹೋಯಿತು,
ನೆನೆದ ರೊಟ್ಟಿಯೊಳಗೆ ಹೋದ ಹಾಗೆ.

'ಮಲಗಿ ನೋಡಿದ್ದೆ' ಅಂದ, ಬಹಳ ಹೊತ್ತಿನ ಮೇಲೆ.
'ಕೆಳಗಿನಿಂದ.'
ಎರಡೂ ಕೈ ಮುಂದೆ ಚಾಚಿ, ತಿರುವಿ, ನೋಡಿಕೊಂಡ
ಆ ದಿನ ಯಾವುದು ಯಾವುದಾಗಿತ್ತು ಎಂಬಂತೆ.

ಪೆನ್ನು ಕೇಳಿದ. ಕೊಟ್ಟೆ.
ಚೀಟಿಯ ಮೇಲೆ 'ಹೊಸ್ತಿಲು, ಬಲ' ಎಂದು ಬರೆದು
ಕೆಳಗೆ ಪೂರ್ತಿ ಸಹಿ ಹಾಕಿದ, ತಾರೀಖು ಬಿಟ್ಟ.
ಉದುರಿದ ತುಕ್ಕು ಒಂದು ಚಿಟಿಕೆ ಡಬ್ಬಿಗೆ ಹಾಕಿ ಅದನ್ನೇ ಅಂಟಿಸಿದೆ.
ವಾಪಸು ಜೋಡಿಸುವ ಸಾಲಿನಲ್ಲಿ ಇದಕ್ಕೆ ಜಾಗವಿಲ್ಲ.
ಸದ್ಯಕ್ಕೆ ಕಿಟಕಿಯ ಮೇಲಿದೆ,
ಯಾರದೋ ಕೆಳದವಡೆಯ ಪಕ್ಕ.