ಉಂಡುಳಿದ ನೀರು

ಹೊಫೂಫ್ ದಾಟಿ, ಖರ್ಜೂರದ ಕೊನೆಯ ಸಾಲೂ ದಾಟಿ
ಟಾರು ರಸ್ತೆ ಮರಳಿಗೆ ನಾಲಿಗೆ ಚಾಚಿ ಮುಗಿಯುವಲ್ಲಿ
ಗುಲ್‌ಜಮಾನ್ ಗಾಡಿ ನಿಲ್ಲಿಸಿ
ಟೈರಿನ ಗಾಳಿ ಅರ್ಧ ಇಳಿಸುತ್ತಾನೆ.
ಹೊಟ್ಟೆ ಬಿರಿದದ್ದು ಮರಳಲ್ಲಿ ಹೂಳುತ್ತದೆ, ಹಸಿದದ್ದು ದಾಟುತ್ತದೆ:
ಪೇಶಾವರದವನ ವೇದಾಂತ.

ಮೂರು ದಿಬ್ಬ ಹತ್ತಿಳಿದು ನಾಲ್ಕನೆಯದರ ನೆತ್ತಿಯಲ್ಲಿ
ನೀರು.
ಆಚೆ ದಡಕ್ಕೆ ಕಣ್ಣು ಹೋಗಿ
ಬರಿಗೈಲಿ ವಾಪಸು ಬರುವಷ್ಟು.

ಏನೆಂದು ಕರೆಯಲಿ ಇದನ್ನು?
ಕೆರೆ ಅನ್ನೋಣವೆಂದರೆ ಏರಿಯಿಲ್ಲ, ತೂಬಿಲ್ಲ,
ಕೋಡಿ ಬಿತ್ತೆಂದು ಓಡಿಬರುವ ಹುಡುಗರಿಲ್ಲ.
ಸರೋವರ ಅಂದರೆ ಆ ಪದ ತಾವರೆ ಕೇಳುತ್ತದೆ;
ಇಲ್ಲಿ ಜೊಂಡು ಬಿಟ್ಟರೆ ಉಪ್ಪು.
ಅರಬ್ಬಿಯಲ್ಲಿ ಹಳದಿ ಅನ್ನುತ್ತಾರೆ, ಅಷ್ಟೇ.
ಬೆಳಿಗ್ಗೆ ಆರಕ್ಕೆ ಅದು ತಾಮ್ರ, ಹತ್ತಕ್ಕೆ ಸತು,
ಮಧ್ಯಾಹ್ನ ನೋಡಲಾಗದ್ದು.
ಹಳದಿ ಬರೀ ಹತ್ತು ನಿಮಿಷ,
ದಿಬ್ಬಗಳ ನೆರಳು ನೀರಿಗೆ ಕಾಲು ಇಳಿಬಿಡುವ ಮೊದಲು.

ಮಳೆಯದ್ದಲ್ಲ, ಹೊಳೆಯದ್ದಲ್ಲ.
ತೋಟಗಳು ಕುಡಿದು, ಬೇರಿಗೆ ಬೇಡವಾದದ್ದು
ಕಾಲುವೆ ಹಿಡಿದು ಬರುತ್ತದೆ,
ಪಾತಿ ಪಾತಿಯಿಂದ ಚಿಟಿಕೆ ಉಪ್ಪು ಕಟ್ಟಿಕೊಂಡು.
ಎಂಜಲೆಲೆ ತೊಳೆದ ನೀರು ಎಂದೆ ಒಮ್ಮೆ, ತಮಾಷೆಗೆ.
ತೋಟದ ಹಾಜಿ ಮಕ್ಕಿ ನಗಲಿಲ್ಲ.
ಮರ ಉಂಡು ಉಳಿದದ್ದು ಹಕ್ಕಿಯ ಪಾಲು, ಎಂದ;
ಬಾಯಿಂದ ಖರ್ಜೂರದ ಬೀಜ ತೆಗೆದು
ಎಸೆಯದೆ ಜೇಬಿಗಿಟ್ಟ.

ನನ್ನ ಕೆಲಸ ಸಣ್ಣದು. ಅಳತೆಗೋಲಿನ ಕೆಂಪು ಗೆರೆ ಓದಿ
ರಿಜಿಸ್ಟರಿನಲ್ಲಿ ಒಂದು ಸಂಖ್ಯೆ.
ಮುತ್ತಜ್ಜ ನಮ್ಮೂರ ಹಿರೇಕೆರೆಗೆ ನೀರುಗಂಟಿ.
ಅಲ್ಲಿ ತೂಬಿನ ಕಲ್ಲು ನಿಂತಲ್ಲೇ ನಿಲ್ಲುತ್ತಿತ್ತು,
ಬಂದು ಮುಟ್ಟುವುದು ನೀರಿನ ಕರ್ಮ.
ಇಲ್ಲಿ ನೀರು ಹಿಂಜರಿದರೆ ಕೋಲೇ ಹೊರಡುತ್ತದೆ.
ಮೊದಲ ಬೇಸಿಗೆಗೆ ನೂರು ಹೆಜ್ಜೆ ಸರಿಯಿತು;
ದಮ್ಮಾಮಿನ ಕಚೇರಿ ಫೋನಿನಲ್ಲಿ, ಹೊಸದು ನೆಡು ಅಂದಿತು.
ನೆಟ್ಟೆ. ಮರುವರ್ಷ ಮತ್ತೆ. ಮತ್ತೆ.
ಈಗ ಒಣ ಉಪ್ಪಿನ ಮೇಲೆ ಐದು ಕೋಲು,
ತಪ್ಪಿಸಿಕೊಂಡ ಕುರಿಯನ್ನು ಹುಡುಕುತ್ತ ಹೋದ ಒಬ್ಬನೇ
ಐದು ಕಡೆ ನಿಂತು ಕೂಗಿದ ಹಾಗೆ.
ಗೆರೆಗಳೆಲ್ಲ ಇವೆ.
ಅಳೆಯಲು ಗಾಳಿ.

ಚಳಿಗೆ ರಾಜಹಂಸಗಳು ಬರುತ್ತವೆ,
ಮೊದಲ ಒಗೆತಕ್ಕೇ ಬಣ್ಣ ಬಿಡುವ ಸೀರೆಯ ಗುಲಾಬಿ.
ತಲೆ ಕೆಳಗಾಗಿಸಿ ಉಣ್ಣುವ ಜಾತಿ;
ಸಿಹಿನೀರಿನ ವಿಳಾಸ ಕೇಳುವುದಿಲ್ಲ,
ನಾವು ಮೂಗು ಮುರಿದ ಉಪ್ಪಿಗೇ ಅಷ್ಟು ದೂರದಿಂದ.
ಮೊಳಕಾಲುದ್ದ ಕೆಸರಿನಲ್ಲಿ ನಿಂತ ಮೊಫಿಜುಲ್
ಬಲೆ ಬೀಸಿದರೂ ಹಾರುವುದಿಲ್ಲ,
ಎರಡು ಹೆಜ್ಜೆ ಆಚೆ ಸರಿದು ಊಟ ಮುಂದುವರಿಸುತ್ತವೆ.
ಅವನ ಬುಟ್ಟಿಯಲ್ಲಿ ಜಿಲೇಬಿ ಮೀನು.
ಈ ಹೆಸರು ಹೇಳಿದರೆ ಅವನಿಗೆ ಪ್ರತಿಸಲ ನಗು.

ಹೋದ ವಾರ ಶಮಾಲ್ ಎರಡು ದಿನ ಬೀಸಿತು.
ಹೊರಗೆ ಬಂದರೆ ದಿಬ್ಬ ಜಾಗ ಬದಲಿಸಿತ್ತು, ದಾರಿ ಇರಲಿಲ್ಲ.
ಆಮೇಲೆ ಮಳೆ, ಯಾರೂ ಲೆಕ್ಕಕ್ಕಿಡದ ಮಳೆ.
ನಿನ್ನೆ ನಡೆದೇ ಹೋದೆ.
ಆರನೆಯದು ಮುಳುಗಿದೆ. ಐದು, ನಾಲ್ಕರ ಕೆಂಪೂ ಕಾಣದು.
ನೀರು ಮೂರನೆಯದರ ಬುಡಕ್ಕೆ ಬಂದು
ಮುಟ್ಟುತ್ತಿದೆ, ಬಿಡುತ್ತಿದೆ,
ಪರಿಚಯ ಇದೆಯೋ ಇಲ್ಲವೋ ಎಂಬಂತೆ.

ಯಾವ ಕೋಲಿನಿಂದ ಎಣಿಸಲಿ?
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.
ಸಂಖ್ಯೆಯ ಜಾಗದಲ್ಲಿ 'ಬಂದಿದೆ' ಎಂದು ಕನ್ನಡದಲ್ಲಿ ಬರೆದು
ಫೋಟೋ ಕಳಿಸಿದೆ.
ಇದೇನು ಗೀಚಿದ್ದು, ಮಲಯಾಳಮ್ಮಾ? ದಮ್ಮಾಮಿನಿಂದ ಫೋನು.
ಓದಿ ಹೇಳಹೊರಟೆ, ಲೈನು ಕಡಿಯಿತು.

ಮೂರನೆಯ ಕೋಲಿನ ಮೇಲೆ ಒಂದು ಮಿಂಚುಳ್ಳಿ
ಬಗ್ಗಿ ಬಗ್ಗಿ
ಕೆಂಪು ಗೆರೆಯನ್ನು ಕುಕ್ಕಿ ನೋಡುತ್ತಿತ್ತು.