ಇಪ್ಪತ್ತಮೂರರಲ್ಲಿ ಮೂರು

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ
ಅನ್ನುವ ಗಾದೆ ನಮ್ಮದು.
ವೆಲಿಂಗ್ಟನ್ನಿನಲ್ಲಿ ಆ ಗಾದೆಯಿಲ್ಲ.
ಅದಕ್ಕೇ ಇರಬೇಕು, ಅಲ್ಲಿನ ಜನ
ಮೂವತ್ತೊಂದು ವರ್ಷ
ಗ್ಲೆನಿಸ್ ಮ್ಯಾಕ್‌ಕಾಲ್‌ಗೆ ಬರೆಯುತ್ತಲೇ ಇದ್ದರು.

ಮಸೂದೆ ಹೊರಬಿದ್ದ ಮರುದಿನದಿಂದ ಟಪಾಲು.
ದೊಡ್ಡ ಕಂಪನಿಯ ವಕೀಲರದು ಅರವತ್ತು ಪುಟ, ಅಡಿಟಿಪ್ಪಣಿ ಬೇರೆ.
ತಿಮರುವಿನ ಜೇನು ಸಾಕುವವನದು ಎರಡೇ ಸಾಲು,
ಅದರಲ್ಲೊಂದು ಬೈಗುಳ.
ಗೋರ್ ಊರಿನ ವಿಧವೆಯೊಬ್ಬಳು ನೀಲಿ ಶಾಯಿಯಲ್ಲಿ,
ಗಂಡನ ಕಿವಿಯಂತ್ರದ ಬ್ಯಾಟರಿ ರಸೀದಿಗೆ ಪಿನ್ನು ಚುಚ್ಚಿ,
"ಅವರಿಗೆ ಕೊನೆಯದಾಗಿ ಕೇಳಿಸಿದ್ದು ಮಳೆ" ಎಂದು
ಯಾವ ಕಲಮಿಗೂ ಸಂಬಂಧಪಡದ್ದನ್ನು ಬರೆದಿದ್ದಳು.
ಗ್ಲೆನಿಸ್ ಎರಡು ಸಲ ಓದಿದಳು.
ಷರಾ ಹಾಕಿದಳು:
ಕಲಂ ಹದಿನಾಲ್ಕು, ಉಪಕಲಂ ಬಿ. ಬದಲಾವಣೆ ಬೇಡ.
ರಸೀದಿಯನ್ನು ಮಾತ್ರ ಯಾಕೋ ಫೈಲಿಗೆ ಸೇರಿಸಲಿಲ್ಲ.

ಹನ್ನೊಂದು ಮಂತ್ರಿಗಳು ಬಂದುಹೋದರು.
ಬಂದ ಮೂರನೆಯ ವಾರ ಪ್ರತಿಯೊಬ್ಬರೂ
ಈಗಷ್ಟೇ ಹೊಳೆದದ್ದೆಂಬಂತೆ ಅದನ್ನೇ ಕೇಳಿದರು:
ಹಣ್ಣು ತರಕಾರಿಗೆ ತೆರಿಗೆ ಬಿಟ್ಟರೆ ಹೇಗೆ?
ಅವಳು ಕಪಾಟಿನಿಂದ ಹಳೆಯ ಟಿಪ್ಪಣಿ ತೆಗೆದು
ತಾರೀಖು ಬದಲಿಸಿದಳು.
ಒಣದ್ರಾಕ್ಷಿ ಹಣ್ಣೇ? ಸಾಸ್ ತರಕಾರಿಯೇ?
ಹೆಚ್ಚಿ, ಪೊಟ್ಟಣ ಕಟ್ಟಿದ ಕುಂಬಳ?
ನಾಲ್ಕನೆಯ ಪುಟ ದಾಟಿದ ಮಂತ್ರಿಯನ್ನು ಅವಳು ಕಂಡಿಲ್ಲ.

ಒಮ್ಮೆ ರಾತ್ರಿ ಎರಡಕ್ಕೆ, ಗಾಳಿ ಕಿಟಕಿ ಗುದ್ದುತ್ತಿದ್ದಾಗ,
'ಮತ್ತು' ಇರಬೇಕಾದಲ್ಲಿ 'ಅಥವಾ' ಕಂಡಿತು.
ತಿದ್ದಿದಳು. ಬೊಕ್ಕಸದಲ್ಲಿ ನಲವತ್ತು ಕೋಟಿ ಡಾಲರ್ ಉಳಿಯಿತು.
ಯಾರಿಗೂ ಗೊತ್ತಾಗಲಿಲ್ಲ; ಗೊತ್ತಾಗದಿರುವುದೇ ಆ ಕೆಲಸ.
ಮನೆಗೆ ಹೋಗಿ ಬ್ರೆಡ್ಡಿಗೆ ಬೆಣ್ಣೆ ಸವರಿ
ನಿಂತೇ ತಿಂದಳು.

ಆದರೆ ಆ ಮೇ ತಿಂಗಳು.
ತಂಗಿ ನೊಯೆಲೀನ್ ಫೋನು ಮಾಡಿದಳು:
"ನೇಪಿಯರಿನಲ್ಲಿ ಒಂದು ಚಿಕ್ಕ ಮನೆ,
ಸಾಲ ತೆಗೆದು ಕೊಂಡು ಬಾಡಿಗೆಗೆ ಬಿಡೋಣವೆಂದಿದ್ದೇವೆ.
ನೀನು ಬಲ್ಲವಳು. ಕೊಳ್ಳಲೇ?"
ಸಾಲದ ಬಡ್ಡಿಗಿದ್ದ ವಿನಾಯಿತಿ ಕಿತ್ತುಹಾಕುವ ಕರಡು
ಮೇಜಿನ ಮೇಲೆಯೇ ಇತ್ತು,
ಐದನೆಯ ಪ್ರತಿ, ಅಂಚಿನಲ್ಲಿ ಅವಳದೇ ಅಕ್ಷರ.

"ಹವೆ ಹೇಗಿದೆ ಅಲ್ಲಿ?" ಎಂದಳು ಗ್ಲೆನಿಸ್.
ತಂಗಿ ನಕ್ಕಳು. ಸ್ವಲ್ಪ ಹೊತ್ತು ಹವೆಯ ಮಾತಾಡಿದರು.
ಮನೆಪತ್ರಕ್ಕೆ ಸಹಿ ಬಿದ್ದದ್ದು ಮಂಗಳವಾರ.
ಬಜೆಟ್ಟು ಗುರುವಾರ.

ಮೂರು ಕ್ರಿಸ್‌ಮಸ್ ಮಾತಿಲ್ಲ, ಕತೆಯಿಲ್ಲ.
ನಾಲ್ಕನೆಯದಕ್ಕೆ ಕಾರ್ಡು ಬಂತು, ಒಳಗೊಂದೇ ಸಾಲು:
"ಕೆಮ್ಮಿದ್ದರೂ ಸಾಕಿತ್ತಲ್ಲೇ."
ನಿಯಮದ ಪ್ರಕಾರ ಕೆಮ್ಮಿದರೂ ಗುಟ್ಟು ರಟ್ಟಾದಂತೆಯೇ.
ಅದು ನಿಜ.
ನಿಜವೆಂಬುದು ಆ ರಾತ್ರಿ ಯಾವ ಉಪಯೋಗಕ್ಕೂ ಬರಲಿಲ್ಲ.

ಬೀಳ್ಕೊಡುಗೆಗೆ ಗಾಜಿನ ಹೂಜಿ, ಚೀಸ್ ರೋಲು,
ಮಂತ್ರಿಯ ಎರಡು ನಿಮಿಷದ ಮಾತು, ಹೆಸರು ತಪ್ಪಾಗಿ.
ಮೇಜು ಬರಿದು ಮಾಡುವಾಗ ಅಡಿಯಿಂದ ಎದ್ದಿತು ಆ ರಸೀದಿ;
ಅಂಕಿಯೆಲ್ಲ ಮಾಸಿ ಬರೀ ಬಿಳಿ,
ಪಿನ್ನಿನ ಎರಡು ತೂತು ಮಾತ್ರ ಹಾಗೆಯೇ.
ಅವಳಿಗೆ ನೆನಪಿತ್ತು: ಹನ್ನೊಂದು ಡಾಲರ್ ಐವತ್ತು ಸೆಂಟು.
ಇಪ್ಪತ್ತಮೂರರಲ್ಲಿ ಮೂರು ಪಾಲು ನಮ್ಮದು,
ಅಂದರೆ ಒಂದೂವರೆ.
ಪರ್ಸಿನಿಂದ ಎರಡು ನಾಣ್ಯ ತೆಗೆದಳು,
ಯಾರಿಗೆ ಕೊಡುವುದೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದಳು.

ಬಸ್ ನಿಲ್ದಾಣದ ತಗಡಿನ ಮೇಲೆ ಮಳೆ ಶುರುವಾಯಿತು.
ಒಂದು ಬಸ್ಸು ಬಿಟ್ಟಳು, ಇನ್ನೊಂದನ್ನೂ.
ನೇಪಿಯರಿಗೆ ಫೋನು ಹಚ್ಚಿದಳು.
ಅತ್ತಲಿಂದ ಎತ್ತಿದ ಸದ್ದು, ಉಸಿರು.
ಹೇಳಬೇಕೆಂದದ್ದು ಯಾವುದೂ ಬಾಯಿಗೆ ಬರಲಿಲ್ಲ.
ಕೆಮ್ಮಿದಳು.